ಹದಿನಾಲ್ಕು ವೋಲ್ಟಿನ ಗಂಟು

ಇವತ್ತು ಬೆಳಿಗ್ಗೆ ಟ್ರಂಕಿನ ತಳಕ್ಕೆ ಕೈಹಾಕಿ ಅಪ್ಪನ ಸ್ಪ್ಯಾನರುಗಳಿಗಾಗಿ ತಡಕಾಡುತ್ತಿದ್ದಾಗ ಬೆರಳಿಗೆ ಏನೋ ಚುಚ್ಚಿತು. ಇಷ್ಟು ವರ್ಷದಿಂದ ಊರೂರು ತಿರುಗಿ ಜನಕ್ಕೆ ಸೂಜಿ ಚುಚ್ಚಿಕೊಂಡು ಬಂದ ನರ್ಸು ನಾನು. ನನಗೇ ಚುಚ್ಚಿದರೆ ಮಾತ್ರ ಚೀರಿದ್ದು ಮೂರು ಮನೆಗೆ ಕೇಳಿಸುತ್ತದೆ. ಬೆರಳನ್ನು ಬಾಯಿಗಿಟ್ಟುಕೊಂಡು ಇನ್ನೊಂದು ಕೈಯಿಂದ ಎಳೆದರೆ ಈಚೆ ಬಂದದ್ದು ಒಂದು ಹಳೆಯ ವೋಲ್ಟ್ ಮೀಟರು. ಅದರ ಕಪ್ಪು ತಂತಿಯ ತುದಿ ಸರಿಯಾಗಿಯೇ ಇತ್ತು. ಕೆಂಪು ತಂತಿಯ ತುದಿಗೆ ಮಾತ್ರ ಬ್ಯಾಂಡೇಜಿನ ಪ್ಲಾಸ್ಟರು ಸುತ್ತಿ, ಒಂದು ಇಂಜೆಕ್ಷನ್ ಸೂಜಿ ಕೂರಿಸಿತ್ತು. ಮೂಗಿನ ಹತ್ತಿರ ಹಿಡಿದೆ. ನಿಮಗೂ ಗೊತ್ತಿರಬಹುದು ಆ ವಾಸನೆ, ಬ್ಯಾಟರಿ ಅಂಗಡಿಯ ಮುಂದೆ ಹಾದುಹೋಗುವಾಗ ಗಂಟಲಿಗೆ ಬಂದು ಕೂರುವ ಹುಳಿ. ಅದರ ಜೊತೆಗೆ, ನೀವು ನಂಬುವುದಾದರೆ, ಎಲ್ಲೋ ಒಂದಿಷ್ಟು ಅರಿಶಿನ.

ನಾನು ಟ್ರಂಕಿನ ಮುಂದೆ ಕೂತದ್ದಕ್ಕೂ ಒಂದು ಕಾರಣವಿತ್ತು. ಇವತ್ತು ಆಯುಧಪೂಜೆ, ಅಪ್ಪನ ಸ್ಪ್ಯಾನರುಗಳನ್ನೂ ಪೂಜೆಗಿಡಬೇಕಿತ್ತು. ಹೋದ ವಾರವಷ್ಟೇ ಮನೆಗೆ ಬಂದ ನನ್ನ ಹೊಸ ಮೋಟಾರುಸೈಕಲ್ಲು ಅಂಗಳದಲ್ಲಿ ಸ್ನಾನ ಮಾಡಿ, ಚೆಂಡುಹೂವಿನ ಹಾರ ಹಾಕಿಕೊಂಡು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟುಕೊಂಡು ಮದುವಣಗಿತ್ತಿಯ ಹಾಗೆ ನಿಂತಿತ್ತು. ಅಕ್ಕಪಕ್ಕದವರು ನೋಡಲು ಬಂದಿದ್ದರು. ಅವ್ವ ಒಳಗಿನಿಂದ ಅರಿಶಿನದ ಕೊಂಬು ಕಟ್ಟಿದ ದಾರ ಹಿಡಿದು ಬಂದಳು. ನನಗೆ ಹೊಸ ಗಾಡಿಯ ಅಮಲು, ಮುಂದೆ ಜನ ಬೇರೆ. ನಾಲಿಗೆ ಸುಮ್ಮನಿರಲಿಲ್ಲ.

“ಅವ್ವೋ, ಇದ್ಕೆ ಕಟ್ಬ್ಯಾಡ ಕಣ! ಹಳೇ ಗಾಡಿಗೆ ಕಟ್ಟಿ ಕಟ್ಟಿ ಮೂರು ಬ್ಯಾಟ್ರಿ ನುಂಗ್ಸಿದ್ದು ಸಾಲ್ದಾ?” ಅಂದುಬಿಟ್ಟೆ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವ್ವನೂ ನಕ್ಕಳು, ಎಲ್ಲರಿಗಿಂತ ಸ್ವಲ್ಪ ತಡವಾಗಿ. ಆಮೇಲೆ ಆ ದಾರವನ್ನು ದೀಪದ ಗೂಡಿನಲ್ಲಿಟ್ಟು, “ಪಾಯಸ ತಳ ಹಿಡೀತದ” ಎಂದು ಒಳಗೆ ಹೋದಳು. ನಾನು ಸ್ಪ್ಯಾನರು ಹುಡುಕಲು ಟ್ರಂಕಿನ ಕಡೆ ನಡೆದೆ.

ಈ ಕಥೆಯನ್ನು ನಾನು ಹತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಮದುವೆಮನೆಯಲ್ಲಿ, ಮೀಟಿಂಗಿನಲ್ಲಿ, ಗುಂಡ್ಲುಪೇಟೆ ಬಸ್ಸಿನಲ್ಲಿ ಸೀಟು ಸಿಗದೆ ನಿಂತಾಗ ಕೂಡ. ಎಲ್ಲೆಲ್ಲಿ ನಗಬೇಕೋ ಅಲ್ಲೆಲ್ಲ ಜನ ನಗುತ್ತಾರೆ. ಸೂಜಿ ಚುಚ್ಚಿಸಿಕೊಂಡ ಬೆರಳನ್ನು ಒತ್ತಿ ಹಿಡಿದು ಕೂತಾಗ ಮೊದಲ ಸಲ ಅನ್ನಿಸಿತು, ನಾನು ಹೇಳುತ್ತಿರುವುದು ಕಥೆಯ ಅರ್ಧ ಮಾತ್ರ. ಉಳಿದರ್ಧವನ್ನೂ ಇವತ್ತು ನಿಮಗೆ ಹೇಳಿಬಿಡುತ್ತೇನೆ.

ಹಳೆಯ ಗಾಡಿ ಅಪ್ಪನದು. ಅಪ್ಪ ಚೆಂಡುಹೂವಿನ ಹೊಲಗಳಲ್ಲಿ ಹೂವು ತೂಗಿಸುವ ಮೇಸ್ತ್ರಿ. ಭೀಮನಬೀಡಿನ ನಮ್ಮ ಮನೆಗೆ ಸಂಜೆ ಅವನು ಬಂದಾಗ ಗಾಡಿಯಿಂದ ಹಿಡಿದು ಮೀಸೆಯವರೆಗೆ ಎಲ್ಲವೂ ಹೂವಿನ ಪುಡಿ ಮೆತ್ತಿಕೊಂಡು ಹಳದಿಯಾಗಿರುತ್ತಿತ್ತು. ನನಗೆ ಗಾಡಿ ಓಡಿಸುವುದನ್ನು ಕಲಿಸಿದವನೂ ಅವನೇ. “ಹುಡುಗಿ ಸ್ಕೂಟಿ ಓಡುಸ್ಲಿ, ಇದ್ಯಾಕೆ?” ಎಂದು ಯಾರಾದರೂ ಅಂದರೆ, “ಕಾಡ್ದಾರಿ ಕಲ್ಲಿಗೆ ಅವ್ಳು ಹುಡ್ಗಿ ಅಂತ ಗೊತ್ತಾದ್ದಾ?” ಎನ್ನುತ್ತಿದ್ದ. ಪ್ರತಿ ಆಯುಧಪೂಜೆಗೂ ಹೆಡ್‌ಲೈಟಿನ ಹಿಂದೆ, ಹ್ಯಾಂಡಲ್ಲಿನ ಕತ್ತಿನ ಹತ್ತಿರ, ಅರಿಶಿನದ ಕೊಂಬಿನ ಒಂದು ದಾರ ಕಟ್ಟುತ್ತಿದ್ದ. ಹಾಗೆ ಏಳು ವರ್ಷ ಕಟ್ಟಿದ. ಎಂಟನೆಯ ವರ್ಷ ಅವನಿರಲಿಲ್ಲ. ಗಾಡಿ ನನಗೆ ಬಂತು, ದಾರ ಕಟ್ಟುವ ಕೆಲಸ ಅವ್ವನಿಗೆ ಬಂತು. ಕಟ್ಟಿದ ಮಂಗಳದ ದಾರಕ್ಕೆ ಕತ್ತರಿ ಹಾಕುವುದು ನಮ್ಮಲ್ಲಿ ಇಲ್ಲ. ಅದು ತಾನಾಗಿ ನವೆದು ಬೀಳಬೇಕು. ಎಂಜಿನ್ ಎಣ್ಣೆಯೂ ಹೂವಿನ ಅಂಟೂ ಕುಡಿದ ದಾರ ಎಲ್ಲಿ ನವೆಯುತ್ತದೆ? ಹಳೆಯದರ ಮೇಲೆ ಹೊಸದು, ಹೊಸದರ ಮೇಲೆ ಇನ್ನೊಂದು. ಅವ್ವ ನಾಲ್ಕು ಕಟ್ಟುವ ಹೊತ್ತಿಗೆ ಅಲ್ಲೊಂದು ಹಳದಿ ಉಂಡೆಯೇ ಆಗಿತ್ತು. ನಾನದನ್ನು ದಿನಾ ನೋಡುತ್ತಿದ್ದೆ. ದಿನಾ ನೋಡುವುದು ಕಣ್ಣಿಗೆ ಬೀಳುವುದಿಲ್ಲವಲ್ಲ.

ಆ ಗಾಡಿಯ ಮೇಲೆ ಲಸಿಕೆಯ ಡಬ್ಬಿ ಕಟ್ಟಿಕೊಂಡು ಗುರುವಾರಗಳಂದು ಕೇರಳದ ಗಡಿಯ ಕಡೆಗಿರುವ ಮದ್ದೂರಿನ ಆಚೆಯ ಹಾಡಿಗೆ ಹೋಗುವುದು ನನ್ನ ಕೆಲಸ. ಹಾಡಿಯೆಂದರೆ ಕಾಡಂಚಿನ ಮೂವತ್ತು ಗುಡಿಸಲು. ಮೊದಲು ಹೋದಾಗ ಒಂದು ಮಗುವೂ ಕೈಗೆ ಸಿಗಲಿಲ್ಲ. ಅಲ್ಲಿಯ ಹಿರಿಯಳು ಕೇತಜ್ಜಿ ಮಕ್ಕಳನ್ನೆಲ್ಲ ಲಂಟಾನ ಪೊದೆಯ ಹಿಂದೆ ಕೂರಿಸಿ, “ಕೂಸ್ಗಳಿಲ್ಲ, ಓಗು” ಅಂದಿದ್ದಳು. ಪೊದೆಯೇ ಕಿಲಕಿಲ ನಗುತ್ತಿತ್ತು. ಎರಡು ವರ್ಷ ಬಿಡದೆ ಹೋಗಿ, ಎಲೆಯಡಿಕೆ ಹಂಚಿಕೊಂಡು ತಿಂದು, ಅವಳ ಮಂಡಿನೋವಿನ ಪುರಾಣವನ್ನು ಹತ್ತಾರು ಸಲ ಕೇಳಿದ ಮೇಲೆ ಒಂದು ದಿನ ತಾನೇ ಅಂದಳು: “ಇನ್ಮ್ಯಾಕೆ ನಿನ್ ಗಾಡಿ ಸದ್ದು ಕೇಳುದ್ರೆ ಸಾಕು, ನಾನೇ ಕೂಸ್ಗಳ್ನ ಕರ್ಕಂಡ್ ಬತ್ತೀನಿ.” ಅವತ್ತು ವಾಪಸು ಬರುವಾಗ ಹೆಲ್ಮೆಟ್ಟಿನೊಳಗೆ ಒಬ್ಬಳೇ ಹಾಡಿಕೊಂಡು ಬಂದಿದ್ದೆ.

ಅಂಥ ಗಾಡಿಗೆ ಕಾಯಿಲೆ ಶುರುವಾಯಿತು. ಮೊದಲು ಹಾರನ್ನಿಗೆ ಶೀತ ಹಿಡಿದವರ ದನಿ ಬಂತು. ಆಮೇಲೆ ಇಂಡಿಕೇಟರು ಮಿನುಗುವುದನ್ನು ಬಿಟ್ಟು ಸುಮ್ಮನೆ ಮಂಕಾಗಿ ನಿಂತಿತು. ಕಡೆಗೆ ಸೆಲ್ಫು ಒತ್ತಿದರೆ ಟಕ್ ಟಕ್ ಎಂದು ನಾಲಿಗೆ ಲೊಟಕರಿಸಿದ ಸದ್ದು. ಬ್ಯಾಟರಿ ಪೂರ್ತಿ ಸತ್ತರೆ ಕಿಕ್ಕರಿಗೂ ಜಗ್ಗದ ಜಾತಿ ಅದು. ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ, ಹೊಸ ಬ್ಯಾಟರಿ ಹಾಕಿಸಿದೆ. ಮೂರು ತಿಂಗಳಿಗೆ ಅದೂ ಹೋಯಿತು. ಇನ್ನೊಂದು. ಮತ್ತೊಂದು. ಸುಸ್ತು ಅಂತ ಬಂದವರಿಗೆಲ್ಲ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿ, ಯಾಕೆ ಸುಸ್ತು ಎಂದು ಕೇಳದ ನರ್ಸಿಗೆ ಏನನ್ನುತ್ತೀರೋ ನನಗೂ ಅದನ್ನೇ ಅನ್ನಿ.

ಮೂರನೆಯ ಬ್ಯಾಟರಿ ಸತ್ತದ್ದು ಮದ್ದೂರು ಕಾಡಿನ ನಡುವೆ, ಮಟಮಟ ಮಧ್ಯಾಹ್ನ. ರಸ್ತೆಯ ಎರಡೂ ಕಡೆ ಬಿದಿರು. ಗಾಡಿ ಗೊರಕೆ ಹೊಡೆದು ನಿಂತಿತು. ಇಳಿದು ತಳ್ಳೋಣವೆಂದು ತಲೆಯೆತ್ತಿದರೆ ಎಡಗಡೆ ಬಿದಿರು ಮುರಿಯುವ ಚಟಚಟ. ಗಾಳಿಗೆ ಬಿದಿರು ಹಾಗೆ ಮುರಿಯುವುದಿಲ್ಲ ಎಂದು ನಮ್ಮ ಕಡೆ ಮಗುವಿಗೂ ಗೊತ್ತು. ಆಗ ಹಿಂದಿನಿಂದ ಬಂದ ಕೇರಳದ ತರಕಾರಿ ಲಾರಿಯವನು ಬ್ರೇಕು ಹಾಕಿ, “ಚೇಚೀ, ಇವಿಡೆ ನಿಲ್ಕಲ್ಲೇ! ಆನಯುಂಡು!” ಎಂದು ಕೂಗಿದ. ಆನೆ ಎನ್ನುವುದಕ್ಕೆ ಯಾವ ಭಾಷೆಯಾದರೇನು? ಅವನೂ ಕ್ಲೀನರೂ ಸೇರಿ ಗಾಡಿಯನ್ನು ಟೊಮೆಟೊ ಕ್ರೇಟುಗಳ ಮೇಲೆ ಎತ್ತಿಹಾಕಿದರು. ನಾನು ಲಸಿಕೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಲಾರಿಯ ಮುಂದೆ ಕೂತೆ. 

ಸುದ್ದಿ ನನಗಿಂತ ಮೊದಲೇ ಆಸ್ಪತ್ರೆ ತಲುಪಿತ್ತು. ನಮ್ಮ ಡಾಕ್ಟರಮ್ಮ ಒಳ್ಳೆಯವರು. ಒಳ್ಳೆಯವರ ಕೋಪ ದೊಡ್ಡದು.

“ನಿಂಗೇನಾದ್ರೂ ಆದ್ರೆ ನಿಮ್ಮವ್ವಂಗೆ ನಾನೇನು ಹೇಳ್ಲಿ? ಇನ್ನೊಂದು ಸಲ ಆ ಗಾಡಿ ಕಾಡಲ್ಲಿ ನಿಂತ್ರೆ ನಿನ್ನನ್ನ ಚಾಮರಾಜನಗರದ ಸ್ಟೋರಿಗೆ ಹಾಕಿಸ್ತೀನಿ. ಔಷಧಿ ಡಬ್ಬ ಜೋಡಿಸ್ಕೊಂಡಿರು. ಹಾಡಿಗೆ ಬೇರೆ ಯಾರಾದ್ರೂ ಹೋಗ್ತಾರೆ.”

ಬೇರೆ ಯಾರಾದರೂ ಎಂದರೆ ಬೇರೆ ಗಾಡಿಯ ಸದ್ದು. ಬೇರೆ ಸದ್ದು ಎಂದರೆ ಮಕ್ಕಳು ಮತ್ತೆ ಲಂಟಾನ ಪೊದೆಯ ಹಿಂದೆ. ಮುಂದಿನ ಗುರುವಾರಕ್ಕೆ ಏಳೇ ದಿನ ಇತ್ತು.

ತೆರಕಣಾಂಬಿಯ ಸಿದ್ದಮಲ್ಲಣ್ಣನ ಹೆಸರನ್ನು ಯಾರೋ ಹೇಳಿದರು. ಬಸ್‌ ನಿಲ್ದಾಣದ ಪಕ್ಕ ತಗಡಿನ ಅಂಗಡಿ, ಒಳಗೆ ಸಾಲು ಬ್ಯಾಟರಿ. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಅಂಗಿಯ ತುಂಬ ಆಸಿಡ್ಡು ತಿಂದ ತೂತು. ಅರವತ್ತರ ಹತ್ತಿರದ ಮನುಷ್ಯ. ಪರಿಚಿತರೊಬ್ಬರ ಟೆಂಪೋದಲ್ಲಿ ಗಾಡಿ ಹೇರಿಕೊಂಡು ಹೋಗಿ ಇಳಿಸಿ, “ಅಣ್ಣ, ಒಂದೊಳ್ಳೆ ಬ್ಯಾಟ್ರಿ ಕೊಡಿ” ಅಂದೆ.

“ಕೊಡಾಕಿಲ್ಲ.”

“ಯಾಕಣ್ಣ?”

“ಎಷ್ಟನೇದು ಇದು?”

“ನಾಕನೇದು.”

“ನೀವು ನರ್ಸಮ್ಮ ಅಲ್ವ್ರಾ? ಒಬ್ಬುನ್ಗೆ ಮೂರು ಬಾಟ್ಲಿ ರಕ್ತ ಕೊಟ್ರಿ, ಮೂರೂ ನಿಲ್ನಿಲ್ಲ ಅಂದ್ರೆ ನಾಕನೇ ಬಾಟ್ಲಿ ಏರುಸ್ತೀರಾ, ಎಲ್ಲಿ ಸೋರ್ತಾ ಅದ ಅಂತ ನೋಡ್ತೀರಾ?”

ನನ್ನ ಮಾತನ್ನು ನನ್ನ ಭಾಷೆಯಲ್ಲೇ ತಿರುಗಿಸಿ ಕೊಟ್ಟಿದ್ದರು. ನಾಚಿಕೆಯೂ ಆಯಿತು, ಅಂತೂ ಬಂದದ್ದು ಸರಿಯಾದ ಡಾಕ್ಟರ ಹತ್ತಿರವೇ ಎಂದು ಕುಣಿಯುವಷ್ಟು ಖುಷಿಯೂ ಆಯಿತು.

ಸತ್ತ ಬ್ಯಾಟರಿಯನ್ನೇ ಚಾರ್ಜಿಗೆ ಹಾಕಿದರು. ಅದು ಮೈ ತುಂಬಿಕೊಳ್ಳುವವರೆಗೆ ಪಾಠ ನಡೆಯಿತು. ಎಂಜಿನ್ ನಿಂತಿರುವಾಗ ತುಂಬಿದ ಬ್ಯಾಟರಿ ಹನ್ನೆರಡೂವರೆ ವೋಲ್ಟಿಗಿಂತ ಚೂರು ಮೇಲೆ. ಎಂಜಿನ್ ಓಡುವಾಗ ಅದರೊಳಗಿನ ಸುರುಳಿ ಕರೆಂಟು ಹುಟ್ಟಿಸುತ್ತದೆ, ರೆಗ್ಯುಲೇಟರು ಅದನ್ನು ಹದ ಮಾಡಿ ಒಂದು ಕೆಂಪು ತಂತಿಯಲ್ಲಿ ಬ್ಯಾಟರಿಗೆ ಕಳಿಸುತ್ತದೆ. ಆಗ ಮೀಟರು ಹದಿನಾಲ್ಕರ ಆಸುಪಾಸು ತೋರಿಸಬೇಕು. “ಅದು ಬ್ಯಾಟ್ರಿಗೆ ಊಟ ಸಿಕ್ತಾ ಅದ ಅಂತ. ಹನ್ನೆಲ್ಡ್ರಲ್ಲೇ ನಿಂತ್ರೆ ಉಪಾಸ. ಹದ್ನೈದು ದಾಟುದ್ರೆ ಅಜೀರ್ಣ, ಕುದ್ದು ಸಾಯ್ತದ” ಎಂದರು. ಇಷ್ಟು ಸರಳವಾದದ್ದನ್ನು ಮೂರು ಬ್ಯಾಟರಿ ಮಾರಿದವರಲ್ಲಿ ಒಬ್ಬರೂ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ.

ಬ್ಯಾಟರಿ ಕೂರಿಸಿ, ಸೈಡ್ ಸ್ಟ್ಯಾಂಡಿನ ಮೇಲೆ ನಿಂತಿದ್ದ ಗಾಡಿಯನ್ನು ಸ್ಟಾರ್ಟು ಮಾಡಿ ಮೀಟರು ಹಿಡಿದರು. ಹದಿನಾಲ್ಕು ಪಾಯಿಂಟು ಒಂದು! ಆಕ್ಸಿಲರೇಟರು ಎಳೆದರು, ಬಿಟ್ಟರು, ದೀಪ ಹಾಕಿದರು. ಹದಿನಾಲ್ಕೇ. ಬ್ಯಾಟರಿಯ ತುದಿಗಳನ್ನು ಬಿಗಿ ಮಾಡಿದರು. ಗಾಡಿ ನಿಲ್ಲಿಸಿದ ಮೇಲೆ ಕಳ್ಳತನದಲ್ಲಿ ಕರೆಂಟು ಸೋರುತ್ತಿದೆಯೇ ಎಂದು ನೋಡಿದರು. ಇಲ್ಲ. ಎಲ್ಲ ಸರಿ! ಸಿದ್ದಮಲ್ಲಣ್ಣ ಟವೆಲ್ಲಿನಿಂದ ಕತ್ತು ಒರೆಸಿಕೊಂಡರು.

“ಇದ್ಕೆ ಕಾಯ್ಲೇನೇ ಇಲ್ವಲ್ಲ ಕಣಮ್ಮಿ” ಎಂದರು. ನರ್ಸಮ್ಮ ಹೋಗಿ ಕಣಮ್ಮಿ ಆದದ್ದನ್ನು ನಾನು ಗಮನಿಸಿದೆ. ಮನುಷ್ಯ ಸೋತಾಗ ಹತ್ತಿರವಾಗುತ್ತಾನೆ.

ಆಗ ನನ್ನ ಬುದ್ಧಿಗೆ ಏನೋ ಹೊಳೆಯಿತು. ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೇನೆ, ತಡೆಯಬೇಡಿ. ನಮ್ಮಲ್ಲೂ ಇಂಥವರು ಬರುತ್ತಾರೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಕಲ್ಲುಗುಂಡು, ಮನೆಗೆ ಹೋದರೆ ತಲೆಸುತ್ತು. ಅಂಥವರನ್ನು ಬೆಂಚಿನ ಮೇಲೆ ನೋಡಿ ಪ್ರಯೋಜನವಿಲ್ಲ. ಅವರು ಕೆಲಸ ಮಾಡುವ ಹೊಲಕ್ಕೇ ಹೋಗಬೇಕು.

“ಅಣ್ಣ, ನಿಂತಾಗ ನೋಡಿದ್ದು ಸಾಕು. ಓಡುವಾಗ ನೋಡೋಣ. ನಾನು ಓಡುಸ್ತೀನಿ. ನೀವು ಹಿಂದೆ ಕೂತು ಮೀಟರು ಹಿಡೀರಿ.”

ಅವರು ನನ್ನನ್ನು ನೋಡಿದರು, ಬಸ್‌ ನಿಲ್ದಾಣದ ತುಂಬ ಇದ್ದ ಜನರನ್ನು ನೋಡಿದರು. ಹೆಂಗಸಿನ ಹಿಂದೆ ಅವರು ಹುಟ್ಟಿದಾಗಿನಿಂದ ಕೂತವರಲ್ಲ. ಆದರೆ ಕಾಯಿಲೆ ಪತ್ತೆಯಾಗದೆ ಉಳಿಯುವುದು ಅದಕ್ಕಿಂತ ದೊಡ್ಡ ಅವಮಾನ. ಒಂದು ಹೆಲ್ಮೆಟ್ಟಿನಲ್ಲಿ ನಟ್ಟು ಬೋಲ್ಟು ತುಂಬಿಟ್ಟಿದ್ದರು. ಅದನ್ನು ನೆಲಕ್ಕೆ ಸುರಿದು, ಟವೆಲ್ಲಿನಿಂದ ಒರೆಸಿ, ತಲೆಗೆ ಹಾಕಿಕೊಂಡು, “ನಡಿ, ಆದುದ್ದಾಗ್ಲಿ” ಎಂದು ಹತ್ತಿ ಕೂತರು. ಮೀಟರಿನ ತಂತಿಗಳನ್ನು ಬ್ಯಾಟರಿಗೆ ಸಿಕ್ಕಿಸಿ ನನ್ನ ಪ್ಲಾಸ್ಟರಿನಿಂದ ಅಂಟಿಸಿದ್ದೆವು.

ಗುಂಡ್ಲುಪೇಟೆ ಕಡೆಗೆ ಹೊರಟೆವು. ನನ್ನ ಜೀವಮಾನದಲ್ಲಿ ಅಂಥ ಸವಾರಿ ಇನ್ನೊಂದಿಲ್ಲ! ರಸ್ತೆಯ ಎರಡೂ ಕಡೆ ಸೂರ್ಯಕಾಂತಿ, ಬೆನ್ನ ಹಿಂದೆ ಸಿದ್ದಮಲ್ಲಣ್ಣನ ಕೂಗು.

“ಹನ್ನೆಲ್ಡು ಪಾಯಿಂಟು ಆರು!”

“ಎಳೀಲಾ ಅಣ್ಣ?”

“ಎಳೀ, ಎಳೀ! ಹನ್ನೆಲ್ಡು ಪಾಯಿಂಟು ಐದು! ಏನ್ಲಾ ಇದು, ಎಳುದ್ರೂ ಏರ್ದು! ಹನ್ನೆಲ್ಡು ನಾಕು! ಉಪಾಸ ಕಣಮ್ಮಿ, ಪೂರಾ ಉಪಾಸ!”

ದನ ಮೇಯಿಸುತ್ತಿದ್ದವರು ಎದ್ದು ನಿಂತು ನೋಡಿದರು. ಗಾಡಿ ಉಪವಾಸ ಬಿದ್ದಿದೆಯೆಂದು ಗೊತ್ತಾದದ್ದಕ್ಕೆ ನಾವಿಬ್ಬರೂ ಲಾಟರಿ ಹೊಡೆದವರ ಹಾಗೆ ಕಿರುಚುತ್ತಿದ್ದೆವು. ಹೊಲದಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದ ಕೇರಳದ ಒಂದು ಸಂಸಾರ ನಮ್ಮ ಕಡೆಗೂ ಕ್ಯಾಮೆರಾ ತಿರುಗಿಸಿತು. ಅಲ್ಲೇ ನಿಲ್ಲಿಸಿ ಸೈಡ್ ಸ್ಟ್ಯಾಂಡ್ ಹಾಕಿದೆ. ಎಂಜಿನ್ ಆರಿಸಿರಲಿಲ್ಲ.

“ಹದಿನಾಕು!” ಎಂದರು ಸಿದ್ದಮಲ್ಲಣ್ಣ, ದೆವ್ವ ಕಂಡವರ ಹಾಗೆ. “ನಿಂತ ತಕ್ಷಣ ಹದಿನಾಕು!”

ಮತ್ತೆ ಹತ್ತಿ ಸ್ಟ್ಯಾಂಡ್ ತೆಗೆದೆ. ಹನ್ನೆರಡು. ಇಳಿದೆ. ಹದಿನಾಲ್ಕು. ಹತ್ತಿದೆ, ಇಳಿದೆ, ಹತ್ತಿದೆ. ಕೇರಳದವರು ಇದೂ ನಮ್ಮ ಕಡೆಯ ಒಂದು ದೇವರ ಸೇವೆಯೆಂದು ತಿಳಿದಿರಬೇಕು. ಐದನೆಯ ಸಲ ಇಳಿಯುವಾಗ ನನ್ನ ಕಣ್ಣು ಹ್ಯಾಂಡಲ್ಲಿನ ಮೇಲೆ ಬಿತ್ತು. ಸೈಡ್ ಸ್ಟ್ಯಾಂಡ್ ಹಾಕಿದಾಗಲೆಲ್ಲ ಅದು ನಿದ್ದೆ ಬಂದವರ ಕತ್ತಿನ ಹಾಗೆ ಎಡಕ್ಕೆ ವಾಲುತ್ತಿತ್ತು. ಕೈಯಿಂದ ಅದನ್ನು ಮೆಲ್ಲಗೆ ನೆಟ್ಟಗೆ ಮಾಡಿದೆ.

“ಹನ್ನೆಲ್ಡು!” ಎಂದರು ಅವರು. ಎಡಕ್ಕೆ ಬಿಟ್ಟೆ. “ಹದಿನಾಕು!” ನೆಟ್ಟಗೆ. “ಹನ್ನೆಲ್ಡು!” ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. “ಹ್ಯಾಂಡ್ಲು ಕಣಮ್ಮಿ!” ಎಂದು ಅವರು ಹೆಲ್ಮೆಟ್ಟಿನ ಮೇಲೆಯೇ ತಲೆ ಚಚ್ಚಿಕೊಂಡರು. ವರ್ಷವಿಡೀ ಎಲ್ಲ ಮೆಕ್ಯಾನಿಕ್ಕುಗಳೂ ಗಾಡಿಯನ್ನು ನೋಡಿದ್ದು ಸೈಡ್ ಸ್ಟ್ಯಾಂಡಿನ ಮೇಲೆ, ಹ್ಯಾಂಡಲ್ಲು ಎಡಕ್ಕೆ ವಾಲಿದಾಗ. ನಾನು ಓಡಿಸುವುದು ನೆಟ್ಟಗೆ. ಡಾಕ್ಟರ ಮುಂದೆ ಚೆನ್ನಾಗಿ ಉಸಿರಾಡಿ, ಬೀದಿಗಿಳಿದ ಕೂಡಲೇ ಮೂರ್ಛೆ ಹೋಗುತ್ತಿತ್ತು ನನ್ನ ಗಾಡಿ.

ಹ್ಯಾಂಡಲ್ಲಿನ ಕತ್ತಿನ ಪಕ್ಕ ತಂತಿಗಳ ಒಂದು ಕಟ್ಟು ಹಾದುಹೋಗುತ್ತದೆ. ಕೆಂಪು ತಂತಿ ಅದರಲ್ಲೇ ಇತ್ತು. ನೋಡಲು ಎಲ್ಲೂ ಕಡಿದಿಲ್ಲ, ಮೇಲಿನ ತೊಗಲು ನೆಟ್ಟಗಿದೆ. ಒಳಗೆ ಎಲ್ಲಿ ಮುರಿದಿದೆ ಎಂದು ಹೇಗೆ ತಿಳಿಯುವುದು? ಮೀಟರಿನ ಮೊನೆ ದಪ್ಪ, ತಂತಿಯೊಳಗೆ ಇಳಿಯದು. ಬ್ಲೇಡು ಹಾಕಿ ಉದ್ದಕ್ಕೂ ಸಿಗಿಯಲು ಸಿದ್ದಮಲ್ಲಣ್ಣನಿಗೆ ಮನಸ್ಸಿಲ್ಲ. ನಾನು ಚೀಲ ತೆಗೆದು ಅವಧಿ ಮೀರಿದ ಒಂದು ಸೂಜಿಯನ್ನು ಅವರ ಕೈಗಿಟ್ಟೆ.

“ತಂತಿಗೂ ಇಂಜೆಕ್ಸನ್ನಾ!” ಎಂದು ಮಗುವಿನ ಹಾಗೆ ನಕ್ಕರು. ಮೀಟರಿನ ಕೆಂಪು ತುದಿಗೆ ಸೂಜಿ ಕೂರಿಸಿ ಪ್ಲಾಸ್ಟರು ಸುತ್ತಿದೆವು. ನಾನು ಹ್ಯಾಂಡಲ್ಲನ್ನು ನೆಟ್ಟಗೆ ಹಿಡಿದೆ. ರೆಗ್ಯುಲೇಟರಿನ ಬಳಿ ಚುಚ್ಚಿದರು, ಹದಿನಾಲ್ಕು. ನಾಲ್ಕು ಬೆರಳು ಮುಂದೆ, ಹದಿನಾಲ್ಕು. ಅಲ್ಲಿಂದ ಮುಂದೆ ಆ ಹಳದಿ ಉಂಡೆ. ಅದನ್ನು ದಾಟಿ ಚುಚ್ಚಿದರು. ಹನ್ನೆರಡು.

ಸಿದ್ದಮಲ್ಲಣ್ಣ ಸೂಜಿ ಕಿತ್ತು, ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. 

ಪೂಜೆ ಮಾಡುವಾಗ ಗಾಡಿ ಸೈಡ್ ಸ್ಟ್ಯಾಂಡಿನ ಮೇಲೆ ಇರುತ್ತದೆ, ಹ್ಯಾಂಡಲ್ಲು ಎಡಕ್ಕೆ ವಾಲಿರುತ್ತದೆ. ಆಗ ತಂತಿಯ ಕಟ್ಟನ್ನೂ ಹ್ಯಾಂಡಲ್ಲಿನ ಕಂಬಿಯನ್ನೂ ಸೇರಿಸಿ ಬಿಗಿಯಾಗಿ ದಾರ ಕಟ್ಟಿದರೆ, ಹ್ಯಾಂಡಲ್ಲು ನೆಟ್ಟಗಾದಾಗಲೆಲ್ಲ ತಂತಿಯನ್ನು ಜಗ್ಗುತ್ತದೆ. ಹನ್ನೊಂದು ವರ್ಷ, ಹನ್ನೊಂದು ದಾರ. ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿದಿದ್ದವು. ಎಡಕ್ಕೆ ವಾಲಿದಾಗ ತುದಿಗೆ ತುದಿ ತಗುಲುತ್ತಿತ್ತು, ನೆಟ್ಟಗಾದಾಗ ಬಿಟ್ಟುಕೊಳ್ಳುತ್ತಿತ್ತು. ಗಾಡಿಯನ್ನು ಕಾಪಾಡಲಿ ಎಂದು ಕಟ್ಟಿದ್ದೇ ಗಾಡಿಯ ಕತ್ತು ಹಿಸುಕಿತ್ತು.

“ಬೇರೆ ತಂತಿ ಎಳ್ದುಬುಡಬೋದು” ಎಂದರು ಸಿದ್ದಮಲ್ಲಣ್ಣ. “ಆದ್ರೆ ಈ ದಾರ ಇರಗಂಟ ಇವತ್ತು ಕೆಂಪು, ನಾಳ್ಕೆ ಇನ್ನೊಂದು. ದಾರ ಓಗ್ಬೇಕು.”

“ಕತ್ತರ್ಸಿ ಅಣ್ಣ.”

ಅವರು ಕೈ ಹಿಂದಕ್ಕೆ ಕಟ್ಟಿಕೊಂಡರು. “ಯಾರು ಕಟ್ಟಿದ್ದು?”

“ಅಪ್ಪ ಏಳು, ಅವ್ವ ನಾಕು.”

“ಅಪ್ಪ ಇನ್ನೂ ಅವ್ರಾ?”

“ಇಲ್ಲ.”

“ನಾ ಕತ್ರಿ ಆಕಾಕಿಲ್ಲ ಕಣವ್ವ.”

ನನ್ನ ಚೀಲದಲ್ಲೂ ಕತ್ತರಿ ಇತ್ತು. ದಿನಕ್ಕೆ ಹತ್ತು ಸಲ ಬ್ಯಾಂಡೇಜು ಕತ್ತರಿಸುವ ಕೈ ನನ್ನದು. ತೆಗೆದೆ, ದಾರದ ಹತ್ತಿರ ಹಿಡಿದೆ, ಹಾಗೇ ಚೀಲಕ್ಕೆ ಹಾಕಿಬಿಟ್ಟೆ. ಹಾಡಿ ಬೇಕು, ಕೆಲಸ ಬೇಕು, ಗುರುವಾರ ಬೇಕು. ಆದರೂ ಅಪ್ಪನ ಗಂಟಿಗೆ ಕತ್ತರಿ ಹಾಕಲು ಕೈ ಬರಲಿಲ್ಲ. ಇಲ್ಲಿಯವರೆಗಿನದು ನಾನು ಎಲ್ಲರಿಗೂ ಹೇಳಿ ನಗಿಸುವ ಅರ್ಧ. ಕತ್ತರಿಯ ವಿಷಯವನ್ನು ಅದರಲ್ಲೂ ಬಿಟ್ಟುಬಿಡುತ್ತೇನೆ.

ಅಲ್ಲಿಂದ ನೇರ ಭೀಮನಬೀಡಿಗೆ ಹೋದೆವು. ಮುನ್ನೆಚ್ಚರಿಕೆಗೆಂದು ಸಿದ್ದಮಲ್ಲಣ್ಣ ಗುಂಡ್ಲುಪೇಟೆ ದಾಟುವವರೆಗೂ ವೋಲ್ಟು ಕೂಗುತ್ತಲೇ ಇದ್ದರು. ಅವ್ವ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ನಾನು ಉಸಿರುಬಿಡದೆ ಎಲ್ಲ ಒದರಿದೆ. ಹನ್ನೆರಡು, ಹದಿನಾಲ್ಕು, ಎಡಕ್ಕೆ, ನೆಟ್ಟಗೆ, ಸೂಜಿ, ಉಂಡೆ! ಪತ್ತೆಮಾಡಿದ ಸಂಭ್ರಮದಲ್ಲಿ ನಾನು ಹೇಳುತ್ತಿರುವುದು ಏನು, ಯಾರಿಗೆ ಎಂಬುದೇ ಮರೆತುಹೋಗಿತ್ತು. ಅವ್ವ ಮೊರ ಕೆಳಗಿಟ್ಟಳು.

“ಅಂಗಾರೆ ಆನೆ ಮುಂದ್ಕೆ ನಿನ್ನ ನಿಲ್ಸಿದ್ದು ನಾನಾ?” ಎಂದಳು.

 ಸಿದ್ದಮಲ್ಲಣ್ಣ ನೆಲ ನೋಡುತ್ತಾ, “ಇಲ್ಲ ತಾಯಿ, ಗಾಡಿ ವಾಲಿದ್ದಾಗ ಕಟ್ಟಿದ್ದೊಂದೇ ತಪ್ಪು. ಯಾರಾದ್ರೂ ಅಂಗೇ ಕಟ್ಟೋರು” ಎಂದರು.

ಅವ್ವ ಎದ್ದು ಕೈಕಾಲು ತೊಳೆದುಕೊಂಡು ಬಂದಳು. ತುರುಬಿನಿಂದ ಒಂದು ಪಿನ್ನು ತೆಗೆದು, ಗಾಡಿಯ ಮುಂದೆ ಮಣೆ ಹಾಕಿಕೊಂಡು ಕೂತಳು. ತಾನು ಕಟ್ಟಿದ ನಾಲ್ಕು ಗಂಟು ಬೇಗ ಬಿಚ್ಚಿಕೊಂಡವು. ಆಮೇಲೆ ಬಂದವು ಅಪ್ಪನವು. ಅಪ್ಪ ಹೂವಿನ ಮೂಟೆಗೆ ಹಾಕುವ ಗಂಟನ್ನೇ ಇಲ್ಲಿಗೂ ಹಾಕಿದ್ದ. ಒಂದು ಸುತ್ತು, ಒಳಗಿಂದ ಇನ್ನೊಂದು, ಮೇಲೊಂದು ಕುಣಿಕೆ. ಜಗ್ಗಿದಷ್ಟೂ ಬಿಗಿಯಾಗುವಂಥದು. ನಾನು ಸಹಾಯಕ್ಕೆ ಕೈ ಹಾಕಿದರೆ ತಳ್ಳಿದಳು.

“ಬುಡು ಕೂಸೇ. ನಿಮ್ಮಪ್ಪನ್ ಗಂಟು ನಿಂಗೊತ್ತಾ? ಚಡ್ಡಿ ಲಾಡಿಗೂ ಇದ್ನೇ ಆಕಂಡು, ಬುಚ್ಚಾಕಾಗ್ದೆ ನನ್ ಕೂಗಾಡವ.”

ಸಿದ್ದಮಲ್ಲಣ್ಣ ನಕ್ಕರು, ನಾನೂ ನಕ್ಕೆ. ಅವ್ವ ನಗಲಿಲ್ಲ. ಒಂದೊಂದು ಗಂಟನ್ನೂ ಮೊದಲು ಬೆರಳಿನಿಂದ ಸುತ್ತಲೂ ಮುಟ್ಟಿ ನೋಡಿ, ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗಿದೆ ಎಂದು ತಿಳಿದುಕೊಂಡು, ಆಮೇಲೆ ಪಿನ್ನು ಹಾಕುತ್ತಿದ್ದಳು. ಬಿಸಿಲು ಜಗಲಿಯಿಂದ ಇಳಿದು ಅಂಗಳದ ಅರ್ಧಕ್ಕೆ ಬಂತು. ನಾನೇ ಮುದ್ದೆ ತೊಳಸಿ ಹುರುಳಿ ಸಾರು ಬಡಿಸಿದೆ, ಸಿದ್ದಮಲ್ಲಣ್ಣ ಉಂಡರು. ಅವ್ವ ಏಳಲಿಲ್ಲ. ಏಳನೆಯ ಗಂಟು, ಅಪ್ಪ ಎಲ್ಲಕ್ಕಿಂತ ಮೊದಲು ಕಟ್ಟಿದ್ದು, ಕಪ್ಪಗೆ ಕಲ್ಲಾಗಿತ್ತು. ಅದನ್ನು ಬಿಚ್ಚುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಹೆಬ್ಬೆರಳಿನಡಿ ಹಿಡಿದುಕೊಂಡು ಕೂತಿದ್ದಳು. ನಾನು ಗಾಡಿಯ ಆ ಕಡೆ ನಿಂತು ನೋಡುತ್ತಿದ್ದೆ.  ಗಂಡ ಬಿಟ್ಟುಹೋದ ಏಳು ಗಂಟುಗಳನ್ನು ನನ್ನ ಒಂದು ಗುರುವಾರಕ್ಕಾಗಿ ಅವಳು ಬಿಚ್ಚುತ್ತಿದ್ದಳು.

ದಾರ ಬಿದ್ದ ಮೇಲೆ ತಂತಿಯನ್ನು ಸರಿಮಾಡಲು ಸಿದ್ದಮಲ್ಲಣ್ಣನಿಗೆ ಕಾಲು ಗಂಟೆಯೂ ಹಿಡಿಯಲಿಲ್ಲ. ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದೆ, ನೆಟ್ಟಗೆ, ಬಲಕ್ಕೆ. ಹದಿನಾಲ್ಕು, ಹದಿನಾಲ್ಕು, ಹದಿನಾಲ್ಕು! ಅವ್ವ ಬಿಚ್ಚಿದ ದಾರಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ತೆಂಗಿನ ಬುಡಕ್ಕೆ ಹಾಕಿ ಬಂದಳು.

ಗುರುವಾರ ಬೆಳಿಗ್ಗೆ ಮದ್ದೂರು ಕಾಡಿನ ಆ ಬಿದಿರು ಮೆಳೆಯ ಹತ್ತಿರ ಬಂದಾಗ ನನ್ನ ಎದೆ ಎಂಜಿನ್ನಿಗಿಂತ ಜೋರಾಗಿ ಹೊ‌ಡೆದುಕೊಳ್ಳುತ್ತಿತ್ತು. ಸಿದ್ದಮಲ್ಲಣ್ಣ ಮೀಟರನ್ನು ಟ್ಯಾಂಕಿನ ಮೇಲೆ ಪ್ಲಾಸ್ಟರು ಹಾಕಿ ಕೂರಿಸಿಕೊಟ್ಟಿದ್ದರು. ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಅದರ ಮೇಲೆ. ಹದಿನಾಲ್ಕು ಪಾಯಿಂಟು ಒಂದು. ಮೆಳೆ ಹಿಂದೆ ಹೋಯಿತು. ಹಾರನ್ನು ಒತ್ತಿದೆ, ಬೇಕಾಗಿರಲಿಲ್ಲ, ಸುಮ್ಮನೆ ಖುಷಿಗೆ. ಅದೇನು ದನಿ! ಹಾಡಿಯ ತಿರುವಿನಲ್ಲಿ ಕೇತಜ್ಜಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ನಿಂತಿದ್ದಳು. “ಇವತ್ತು ನಿನ್ ಗಾಡಿ ದೂರ್ದಿಂದ್ಲೇ ಕೇಳ್ತು” ಎಂದಳು. ಡಾಕ್ಟರಮ್ಮ ಸ್ಟೋರಿನ ಮಾತನ್ನು ಮತ್ತೆ ಎತ್ತಲಿಲ್ಲ. ಎರಡು ವರ್ಷದ ಹಿಂದೆ ಸಿದ್ದಮಲ್ಲಣ್ಣ ಅಂಗಡಿ ಮುಚ್ಚಿದಾಗ, “ಕಣ್ಗೆ ಅಂಕಿ ಕಾಣಾಕಿಲ್ಲ, ನೀನೇ ಇಟ್ಕ” ಎಂದು ಮೀಟರನ್ನು ಸೂಜಿಯ ಸಮೇತ ನನಗೇ ಕೊಟ್ಟರು.

ಇಷ್ಟು ನೆನೆದು ಮುಗಿಸುವಷ್ಟರಲ್ಲಿ ಬೆರಳಿನ ರಕ್ತ ನಿಂತಿತ್ತು. ಮೀಟರು ಹಿಡಿದುಕೊಂಡು ಎದ್ದೆ. ದೀಪದ ಗೂಡಿನಿಂದ ಅರಿಶಿನದ ಕೊಂಬು ತೆಗೆದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

“ಅವ್ವ, ಬಾ. ಕಟ್ಟು.”

“ಬ್ಯಾಡ ಅಂದಲ್ಲ?” ಎಂದಳು ಪಾಯಸದಿಂದ ತಲೆಯೆತ್ತದೆ.

“ತಪ್ಪಾಯ್ತು ಕಣವ್ವ. ಅಷ್ಟು ಜನದ ಮುಂದೆ ಅಂಗೆ ಅನ್ಬಾರ್ದಿತ್ತು.”

ಸೌಟು ಇಟ್ಟು, ಕೈ ಒರೆಸಿಕೊಂಡು ಬಂದಳು. ಅಕ್ಕಪಕ್ಕದವರು ಇನ್ನೂ ಅಂಗಳದಲ್ಲಿದ್ದರು. ಅವ್ವ ಯಾರನ್ನೂ ನೋಡದೆ ನನಗೆ ಅಪ್ಪಣೆ ಮಾಡಿದಳು: “ಹ್ಯಾಂಡ್ಲು ನೆಟ್ಟುಗ್ ಇಡ್ಕ.” ಹಿಡಿದುಕೊಂಡೆ. ತಂತಿಗಳ ಹತ್ತಿರಕ್ಕೂ ಹೋಗದೆ, ಕನ್ನಡಿಯ ಕಡ್ಡಿಗೆ ದಾರ ಸುತ್ತಿದಳು. ಅಪ್ಪನ ಗಂಟು ಬಿಚ್ಚಿದಂದಿನಿಂದ ಪ್ರತಿ ವರ್ಷವೂ ಅವಳು ಕಟ್ಟುವುದು ಅಲ್ಲೇ. ಪ್ರತಿ ವರ್ಷವೂ ನಾನು ಪಕ್ಕದಲ್ಲಿ ನಿಂತು ಯಾರಿಗೋ ಅದೇ ಅರ್ಧ ಕಥೆ ಹೇಳುತ್ತಿರುತ್ತಿದ್ದೆ. ಇವತ್ತು ಬಾಯಿ ಮುಚ್ಚಿಕೊಂಡು ಅವಳ ಬೆರಳು ನೋಡಿದೆ. ಒಂದು ಸುತ್ತು ಹಾಕಿದಳು, ಒಳಗಿಂದ ಇನ್ನೊಂದು ತಂದಳು, ಮೇಲೊಂದು ಕುಣಿಕೆ ಹಾಕಿ ಜಗ್ಗಿದಳು. ಗಂಟು ಬಿಗಿಯಿತು.

“ಅವ್ವ, ಇದು ಅಪ್ಪನ್ ಗಂಟಲ್ವಾ?”

“ಏಳು ಬುಚ್ಚಿವ್ನಿ” ಎಂದಳು ಅವ್ವ. “ಕಟ್ಟಾಕೆ ಬರ್ದೇ ಇದ್ದಾತಾ? ಸುಮ್ಕೆ ನಿಂತ್ಕಬ್ಯಾಡ, ಸೂಜಿ ಚುಚ್ಚಿ ಎಷ್ಟದ ನೋಡು.”

ಗಾಡಿ ಸ್ಟಾರ್ಟು ಮಾಡಿ, ಮೀಟರು ಹಿಡಿದು, ಅಂಗಳದವರಿಗೆಲ್ಲ ಕೇಳುವಂತೆ ಕೂಗಿದೆ.

“ಹದಿನಾಕು ಕಣವ್ವ!”